ಕೊಳದ ಹಾಡಿನ ನಾಲ್ಕನೇ ದನಿ

ನಮ್ಮೂರಿನಲ್ಲಿ ಹಳೆಯ ಹಾಡಿನ ಸಿನಿಮಾವನ್ನು ಯಾರೂ ಪೇಟೆಯಿಂದ ತಂದವರೇ ಮನೆಯಲ್ಲಿ ಹಾಕಿಬಿಡುವಂತಿಲ್ಲ. ಮೊದಲು ಮರಿಸ್ವಾಮಣ್ಣನ ಕಣ್ಣು ಒಪ್ಪಬೇಕು, ನನ್ನ ಕಿವಿ ಒಪ್ಪಬೇಕು. ಎರಡೂ ಒಪ್ಪಿದರೆ ಡಬ್ಬಿಯ ಮೇಲೆ ಹಸಿರು ಮುದ್ರೆ, ಇಲ್ಲದಿದ್ದರೆ ಕೆಂಪು. ಹಾಡಿಲ್ಲದ ಸಿನಿಮಾಗಳ ಗೊಡವೆ ನಮಗಿಲ್ಲ. ಹೊಡೆದಾಟದ್ದೋ ದೆವ್ವದ್ದೋ ಏನು ಬೇಕಾದರೂ ಹಾಕಿಕೊಳ್ಳಿ, ಟಿವಿ ಆರಿಸಿದರೆ ಅಲ್ಲಿಗೆ ಮುಗಿಯಿತು. ಹಾಡಿನ ಸಿನಿಮಾ ಹಾಗಲ್ಲ. ಅದರ ಬಣ್ಣ ಗೋಡೆಗೆ ಹತ್ತುತ್ತದೆ, ಸದ್ದು ಪಾತ್ರೆ ಪಡಗಗಳಲ್ಲಿ ಹೋಗಿ ಕೂರುತ್ತದೆ, ತಿಂಗಳುಗಟ್ಟಲೆ ಮನೆ ಬಿಟ್ಟು ಕದಲುವುದಿಲ್ಲ. ಪ್ರಿಂಟು ಒಳ್ಳೆಯದಾದರೆ ಮನೆ ಬೆಳಗುತ್ತದೆ. ಕೆಟ್ಟದಾದರೆ ಅನುಭವಿಸಬೇಕು.

ಕಂಬದ ಬೀದಿಯಲ್ಲಿ ಒಬ್ಬರು ನಮಗೆ ತೋರಿಸದೆಯೇ ಬಣ್ಣ ಮಾಸಿದ ಸಿನಿಮಾ ಹಾಕಿಬಿಟ್ಟರು. ಯುಗಾದಿ ಬರುವವರೆಗೂ ಆ ಮನೆಯ ಅರಿಶಿನವೂ ಬೂದಿ ಬಣ್ಣ, ಸಾರೂ ಬೂದಿ ಬಣ್ಣ. ಬಾಳೆಹಣ್ಣು ಹಣ್ಣಾಗಿದೆಯೋ ಇಲ್ಲವೋ ಹಿಸುಕಿಯೇ ನೋಡಬೇಕಿತ್ತು. ಇನ್ನೊಬ್ಬರು ಟೇಪು ಎಳೆದುಹೋದ ಕ್ಯಾಸೆಟ್ಟು ಹಾಕಿದರು. ಅವರ ಸೊಸೆ "ಬನ್ನಿ" ಎಂದು ಹೇಳಿ ಮುಗಿಸುವಷ್ಟರಲ್ಲಿ ಬಂದವರು ಚಪ್ಪಲಿ ಬಿಟ್ಟು, ಒಳಗೆ ಕೂತು, ನೀರು ಕುಡಿದು ಲೋಟ ಕೆಳಗಿಟ್ಟಿರುತ್ತಿದ್ದರು. ಹಸಿರು ಮುದ್ರೆ ಬಿದ್ದ ಒಂದು ಡಿಸ್ಕಿನಲ್ಲೂ ಎಡವಟ್ಟಾಯಿತು. ಆ ಮನೆಯಲ್ಲಿ ಬಾಗಿಲು ಹಾಕಿದ ಮೇಲೆ ಎಷ್ಟೋ ಹೊತ್ತಿಗೆ ಬಾಗಿಲು ಹಾಕಿದ ಸದ್ದು. ಕೂಸು ಬಿದ್ದು, ಎದ್ದು, ಮತ್ತೆ ಆಟಕ್ಕೆ ಹೋದ ಮೇಲೆ ಅದರ ಅಳು. ಅದು ಪ್ಲೇಯರಿನ ತಪ್ಪು ಎಂದು ಹೇಳಿ ನಾವಿಬ್ಬರೂ ಕೈ ತೊಳೆದುಕೊಂಡೆವು.

ನನ್ನ ಹೆಸರು ಚಿಕ್ಕತಾಯಮ್ಮ. ಊರವರ ಬಾಯಲ್ಲಿ ನಾನು ಕಿವಿ ತಾಯಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. ಬೆನ್ನ ಹಿಂದೆ ಕರೆಯುತ್ತಾರೆ, ನನ್ನ ಕಿವಿ ಎಂಥದ್ದು ಎಂದು ಮರೆತು. ನಾವು ಕೆಲಸ ಮಾಡುವುದು ಸಂತೆ ಮೈದಾನದ ಪಕ್ಕದ ಎರಡು ಕೋಣೆಯ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಟಿವಿ. ಅದರ ಎದುರು ಬೆತ್ತದ ಕುರ್ಚಿಯಲ್ಲಿ ಮರಿಸ್ವಾಮಣ್ಣ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು. ಹಿಂದಿನ ಕೋಣೆಯಲ್ಲಿ ಸ್ಪೀಕರು. ಅದರ ಪಕ್ಕ ಗೋಡೆಗೆ ಮುಖ ಮಾಡಿ ನಾನು. ಆ ಮನೆಯ ಗೋಡೆಗೆ ಏನೇನು ಹತ್ತಿದೆ, ಪಾತ್ರೆಗಳಲ್ಲಿ ಏನೇನು ಕೂತಿದೆ ಎಂದು ಕೇಳಬೇಡಿ. ಅಲ್ಲಿ ಯಾರೂ ವಾಸ ಮಾಡುವುದಿಲ್ಲ.

ಕಣ್ಣಿನವರು ಕೇಳಬಾರದು, ಕಿವಿಯವರು ನೋಡಬಾರದು. ಇದು ನಾವು ಮಾಡಿದ ನಿಯಮವಲ್ಲ, ಹಿಂದಿನವರದ್ದು. ಬಹಳ ಹಿಂದೆ ಒಬ್ಬರೇ ಕೂತು ನೋಡುವುದನ್ನೂ ಕೇಳುವುದನ್ನೂ ಮಾಡುತ್ತಿದ್ದರಂತೆ. ಹಾಡು ಇಂಪಾಗಿದ್ದರೆ ಚಿತ್ರದ ಗೀರುಗಳನ್ನು ಮನ್ನಿಸಿಬಿಡುತ್ತಿದ್ದರಂತೆ, ನಾಯಕಿ ಲಕ್ಷಣವಾಗಿದ್ದರೆ ಸದ್ದನ್ನು ಮನ್ನಿಸಿಬಿಡುತ್ತಿದ್ದರಂತೆ. ಕಣ್ಣೀರು ಬಂತೋ, ಹತ್ತಕ್ಕೆ ಹತ್ತು. ಕಣ್ಣೂ ಕಿವಿಯೂ ಒಂದೇ ಕಡೆ ಕೂತರೆ ಮನಸ್ಸು ಬಂದು ನಡುವೆ ಕೂರುತ್ತದೆ ಎಂದು ಊರ ಹಿರಿಯರು ಎರಡನ್ನೂ ಬೇರೆ ಮಾಡಿದರು. ಹಾಗಾಗಿ ಈ ಸಂಗತಿ ನಡೆಯುವವರೆಗೂ ನಾನು ಒಂದು ಹಾಡನ್ನೂ ನೋಡಿದವಳಲ್ಲ. ಮರಿಸ್ವಾಮಣ್ಣ ಒಂದು ಹಾಡನ್ನೂ ಕೇಳಿದವನಲ್ಲ. ಅದಕ್ಕೆ ನಾವು ಕೊರಗಿದ್ದೂ ಇಲ್ಲ. ಮದುವೆ ಮುಂಜಿಗಳಲ್ಲಿ ಸಿನಿಮಾ ಹಾಕಿದಾಗ ಅವನು ಹತ್ತಿ ತುರುಕಿಕೊಂಡು ಹೊರಗೆ ಚಪ್ಪರದಲ್ಲಿ ಕೂರುತ್ತಿದ್ದ, ನಾನು ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಹೋಳಿಗೆ ಮೊದಲು ಸಿಗುವುದು ಅಲ್ಲೇ.

ಇನ್ನೊಂದು ನಿಯಮವಿದೆ. ಪರೀಕ್ಷೆಗೆ ತಂದವರು ಸಿನಿಮಾದ ಬಗ್ಗೆ ನಮಗೆ ಒಂದು ಮಾತೂ ಹೇಳಕೂಡದು. "ಈ ಹಾಡು ಅಂದ್ರೆ ನಮ್ಮ ಮಾವನವರಿಗೆ ಪ್ರಾಣ ಕಣ್ರೀ" ಎಂದು ಯಾರಾದರೂ ರಾಗ ಎಳೆದರೆ ಡಬ್ಬಿಯನ್ನು ವಾಪಸ್ಸು ಕೊಟ್ಟು ಕಳಿಸುತ್ತೇವೆ. ಅದಕ್ಕೇ ದೇವೀರಮ್ಮನವರು ಬಂದ ದಿನ ನಮಗೆ ಏನೂ ಗೊತ್ತಾಗಲಿಲ್ಲ.

ದೇವೀರಮ್ಮನವರಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಬಾಯಿ ತೆರೆದರೆ ಬರೀ ಉಸಿರು. ಮಗಳು ಜಯಶೀಲ ಹೆರಿಗೆಗೆಂದು ತವರಿಗೆ ಬಂದವಳು ಹೆಣ್ಣು ಮಗು ಹೆತ್ತಿದ್ದಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯಲ್ಲಿ ಒಂದು ಹಾಡಿನ ಸಿನಿಮಾ ಹಾಕುವುದು ನಮ್ಮ ಕಡೆಯ ಪದ್ಧತಿ. ಅದರ ಸದ್ದು ತೊಟ್ಟಿಲಿನಲ್ಲಿ ಕೂತು ಮಗುವನ್ನು ಮಲಗಿಸಲಿ ಎಂದು. ಅವರು ತಂದದ್ದು ಒಂದೇ ಸಿನಿಮಾದ ಎರಡು ಪ್ರತಿ: ಒಂದು ಅವರ ಪೆಟ್ಟಿಗೆಯಲ್ಲಿ ಎಷ್ಟೋ ವರ್ಷದಿಂದ ಇದ್ದ ಕ್ಯಾಸೆಟ್ಟು, ಇನ್ನೊಂದು ಪೇಟೆಯವರು ಹೊಸದಾಗಿ ಶುದ್ಧ ಮಾಡಿಸಿ ಬಿಟ್ಟ ಡಿಸ್ಕು. ಊರಿನವರು ಅದನ್ನು ಕೊಳದ ಸಿನಿಮಾ ಎನ್ನುತ್ತಾರೆ. ಅದರಲ್ಲಿ ನಾಲ್ಕು ಜನ ಸಖಿಯರು ಕೊಳದ ದಡದಲ್ಲಿ ಕೂತು ಒಬ್ಬೊಬ್ಬರೂ ಒಂದೊಂದು ಸಾಲು ಹಾಡುತ್ತಾರೆ. ಎಷ್ಟು ಜನ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನಮಗೆ ಆಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ನಾಲ್ಕನೆಯ ಸಾಲು ದೇವೀರಮ್ಮನವರದು. ಹರೆಯದಲ್ಲಿ ಅವರು ಸಿನಿಮಾದ ಕೋರಸ್ಸಿನಲ್ಲಿ ಹಾಡುತ್ತಿದ್ದರು. ಒಬ್ಬರೇ ಹಾಡಿದ್ದು ಅದೊಂದೇ ಸಾಲು. ಅದೂ ಯಾರೋ ಬರಬೇಕಾದವರು ಬರದೆ ಹೋಗಿದ್ದಕ್ಕೆ. ಅವರ ದನಿ ಎಂಬುದು ಈ ಪ್ರಪಂಚದಲ್ಲಿ ಇನ್ನು ಎಲ್ಲಾದರೂ ಉಳಿದಿದ್ದರೆ ಆ ಒಂದು ಸಾಲಿನಲ್ಲಿ. ಮೊಮ್ಮಗಳಿಗೆ ಜೋಗುಳ ಹಾಡಲಾರದ ಅಜ್ಜಿ ಆ ಸಾಲನ್ನು ತೊಟ್ಟಿಲಿನಲ್ಲಿ ಕೂರಿಸಬೇಕೆಂದು ಬಂದಿದ್ದರು. ಹೇಳುವುದಕ್ಕೆ ದನಿಯಿಲ್ಲ, ಮಗಳಿಗೆ ನಿಯಮದ ಭಯ. ದೇವೀರಮ್ಮನವರು ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸಿದಾಗ ಜಯಶೀಲ ಅವರ ಕೈ ಹಿಡಿದೆಳೆದು, "ಸುಮ್ನಿರಮ್ಮ, ಕೆಂಪು ಮುದ್ರೆ ಒತ್ತಿಬಿಟ್ಟಾರು" ಎಂದು ಕರೆದುಕೊಂಡು ಹೋದಳು.

ಮೊದಲು ಕ್ಯಾಸೆಟ್ಟು ಹಾಕಿದೆವು. ಅಯ್ಯೋ ನನ್ನ ಕಿವಿಯೇ! ಕಾವಲಿಗೆ ದೋಸೆ ಹಿಟ್ಟು ಹುಯ್ದ ಹಾಗೆ ಸುರ್ ಎನ್ನುವ ಸದ್ದು, ಅದರ ಅಡಿಯಲ್ಲಿ ಎಲ್ಲೋ ಒಂದು ಪಿಟೀಲು. ಮೊದಲನೇ ಹಾಡು ಮುಗಿಯುವ ಮೊದಲೇ ನಾನು ಗೋಡೆ ತಟ್ಟಿದೆ. ಮರಿಸ್ವಾಮಣ್ಣನೂ ಆ ಕಡೆಯಿಂದ ತಟ್ಟಿದ. ಇಷ್ಟು ಕೆಟ್ಟದ್ದನ್ನು ಕೊನೆಯವರೆಗೂ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಸದ್ದಿಗೆ ಎರಡು, ಚಿತ್ರಕ್ಕೆ ಒಂದು, ಕೆಂಪು ಮುದ್ರೆ.

ಆಮೇಲೆ ಡಿಸ್ಕು. ಅದನ್ನು ಹೇಗೆ ಹೇಳಲಿ. ಸುರ್ ಇಲ್ಲ, ಗೊರ್ ಇಲ್ಲ. ವೀಣೆಯ ತಂತಿಯ ಮೇಲೆ ಬೆರಳು ಜಾರುವುದು ಕೇಳುತ್ತದೆ, ನಾಯಕಿ ಹಾಡುವ ಮುಂಚೆ ಎಂಜಲು ನುಂಗುವುದು ಕೇಳುತ್ತದೆ. ಕೊಳದ ಹಾಡು ಬಂತು. ಒಬ್ಬಳು ಹಾಡಿದಳು, ಎರಡನೆಯವಳು ಹಾಡಿದಳು, ಮೂರನೆಯವಳು ಹಾಡಿದಳು, ಆಮೇಲೆ ವೀಣೆಯೊಂದೇ ಒಂದು ಸಾಲಿನಷ್ಟು ಹೊತ್ತು ನಡೆದು ಹಾಡು ಮುಗಿಯಿತು. ಎಷ್ಟು ಚೆಂದವಾಗಿ ಜಾಗ ಬಿಟ್ಟಿದ್ದಾರಲ್ಲ ಎಂದು ನಾನು ತಲೆದೂಗಿದೆ. ಹತ್ತಕ್ಕೆ ಹತ್ತು ಕೊಟ್ಟುಬಿಟ್ಟೆ. ನಾನು ಹತ್ತು ಕೊಡುವವಳಲ್ಲ, ಊರಿಗೇ ಗೊತ್ತು. ಹೊರಗೆ ಬಂದರೆ ಮರಿಸ್ವಾಮಣ್ಣನೂ ಹತ್ತು ಬರೆದು ಮೀಸೆ ನೀವಿಕೊಳ್ಳುತ್ತಾ ಕೂತಿದ್ದ. "ಏನ್ ಪ್ರಿಂಟು ಕಣಮ್ಮ! ಆ ನಾಲ್ಕನೇ ಹುಡುಗಿ ಸೆರಗಿನ ನೂಲು ಎಣಿಸ್ಬೋದು" ಎಂದ. ನಾನು ಮೂರು ಎಂದಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ನಾವು ನೋಡಿದ್ದನ್ನೂ ಕೇಳಿದ್ದನ್ನೂ ಹೋಲಿಸಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಹಸಿರು ಮುದ್ರೆ ಒತ್ತಿದೆವು.

ತೊಟ್ಟಿಲು ಶಾಸ್ತ್ರದ ದಿನ ಬೆಳಿಗ್ಗೆ ಇಡೀ ಬೀದಿ ಅವರ ನಡುಮನೆಯಲ್ಲಿತ್ತು. ನಾನು ಅಡುಗೆಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ನಾನೇ ಪಾಸು ಮಾಡಿದ ಸದ್ದನ್ನು ಕೇಳಿ ಹೆಮ್ಮೆಪಡುತ್ತಿದ್ದೆ. ಕೊಳದ ಹಾಡು ಬಂತು, ಮೂವರೂ ಹಾಡಿದರು, ವೀಣೆ ನುಡಿಯಿತು. ಇದ್ದಕ್ಕಿದ್ದಂತೆ ನಡುಮನೆಯಲ್ಲಿ ಗುಸುಗುಸು. ಜಯಶೀಲ ಒಳಗೆ ಬಂದಳು. ಮುಖ ಬಿಳುಚಿಕೊಂಡಿತ್ತು.

"ಅಕ್ಕಾ, ನಾಲ್ಕನೇ ಹುಡುಗಿ ಬಾಯಿ ಬಿಡ್ತಾಳೆ. ದನಿನೇ ಬರ್ತಿಲ್ಲ."

"ಯಾವ ನಾಲ್ಕನೇ ಹುಡುಗಿ? ಇರೋದು ಮೂರು" ಎಂದೆ ನಾನು, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ.

ಸಿನಿಮಾ ನಿಲ್ಲಿಸಿ, ಚಪ್ಪರದಿಂದ ಮರಿಸ್ವಾಮಣ್ಣನನ್ನು ಕರೆಸಿ, ಹತ್ತಿ ತೆಗೆಸಿ ಕೇಳಿದರು. "ನಾಲ್ಕು. ನನ್ನ ಕಣ್ಣಾಣೆ ನಾಲ್ಕು. ಕೊನೆಯವಳು ಏನು ಹಾಡ್ತಾಳೆ ಅಂತನೂ ಹೇಳ್ಬಲ್ಲೆ" ಎಂದ. ಹತ್ತಿ ತುರುಕಿಕೊಂಡೇ ಅಷ್ಟು ವರ್ಷ ಸಿನಿಮಾ ನೋಡಿದವನಿಗೆ ತುಟಿ ನೋಡಿ ಮಾತು ತಿಳಿಯುವುದು ಅಭ್ಯಾಸವಾಗಿತ್ತು. "ನೀರ ಕದಡದಿರು ಗಾಳಿಯೇ, ನನ್ನ ನೆರಳು ಮಲಗಿದೆ. ಇಷ್ಟೇ" ಎಂದು ಒಪ್ಪಿಸಿದ.

ಯಾರೋ ಕಿಸಕ್ಕೆಂದು ನಕ್ಕರು. ನಾನು ಬಗ್ಗಿ ನೋಡಿದೆ. ದೇವೀರಮ್ಮನವರು ಮಗುವನ್ನು ಮಡಿಲಲ್ಲಿಟ್ಟುಕೊಂಡು ಟಿವಿಯ ಪೆಟ್ಟಿಗೆಗೆ ಕಿವಿ ಒತ್ತಿ ಕೂತಿದ್ದರು, ಅದರೊಳಗೆ ಎಲ್ಲಾದರೂ ಇದೆಯೇನೋ ಎಂದು. ಆಗ ಜಯಶೀಲ ಎಲ್ಲವನ್ನೂ ಹೇಳಿದಳು. ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿದೆ. ದೇವೀರಮ್ಮನವರ ದನಿಯಲ್ಲಿ ಒಂದಿಷ್ಟು ಮರಳಿನಂಥ ಒರಟು ಇತ್ತಂತೆ. ಶುದ್ಧ ಮಾಡಿದವರು ಅದನ್ನೂ ಕಸವೆಂದುಕೊಂಡು ಸುರ್ ಎನ್ನುವ ಸದ್ದಿನ ಜೊತೆಯಲ್ಲೇ ಗುಡಿಸಿ ಹಾಕಿದ್ದರು. ಆ ಗುಡಿಸಿದ ಜಾಗಕ್ಕೆ ನಾನು ತಲೆದೂಗಿದ್ದೆ.

ಮಾರನೆಯ ದಿನ ಬೆಳಿಗ್ಗೆ ಜಯಶೀಲ ಮಗುವನ್ನು ಎದೆಗವುಚಿಕೊಂಡು ನಮ್ಮ ಬಾಗಿಲಿಗೆ ಓಡಿ ಬಂದಳು. ಹಸೀ ಬಾಣಂತಿ, ತಲೆಗೆ ಬಟ್ಟೆಯನ್ನೂ ಕಟ್ಟಿರಲಿಲ್ಲ. "ಅಕ್ಕಾ, ಮಗು ಅಳ್ತದೆ, ಸದ್ದಿಲ್ಲ! ಬಾಯಿ ಇಷ್ಟಗಲ ತೆಗೀತದೆ, ಮುಖ ಕೆಂಪಾಗ್ತದೆ, ಒಂದು ಚೂರೂ ಸದ್ದಿಲ್ಲ!" ಎಂದು ಅವಳು ಹೇಳುತ್ತಿರುವಾಗಲೇ ಮಗು ಬೀದಿಯೇ ಬೆಚ್ಚುವಂತೆ ಕಿರುಚಿತು. ನಾವು ಜೊತೆಯಲ್ಲಿ ಅವರ ಮನೆಗೆ ನಡೆದೆವು. ದಾರಿಯುದ್ದಕ್ಕೂ ಅಳು. ಹೊಸಿಲು ದಾಟಿದ್ದೇ ತಡ, ಕತ್ತರಿಸಿದ ಹಾಗೆ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಡಿಸ್ಕಿನಲ್ಲಿ ಇಲ್ಲದೇ ಇದ್ದದ್ದು ಹೋಗಿ ತೊಟ್ಟಿಲಿನಲ್ಲಿ ಕೂತಿತ್ತು.

ಊರಿನ ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ ಏನೂ ಇಲ್ಲ ಎಂದರು. ಒಂದು ಸಿನಿಮಾ ಹತ್ತಿದ ಮನೆಗೆ ಇನ್ನೊಂದನ್ನು ಹಾಕಿದರೆ ಹೊಸದು ಹಳೆಯದರ ಮೇಲೆ ಕೂರುತ್ತದೆ. ಅದಕ್ಕೆ ಹಸಿರು ಮುದ್ರೆಯ ಇನ್ನೊಂದು ಒಳ್ಳೆಯ ಸಿನಿಮಾ ಹುಡುಕಿ ಹಾಕಿಸಿದೆವು. ಗೋಡೆಗಳಿಗೆ ನವಿಲು ನೀಲಿ ಹತ್ತಿತು, ತಂಬಿಗೆ ಮುಟ್ಟಿದರೆ ಜಲತರಂಗ. ಮಗು ಮಾತ್ರ ಮೂಕವಾಗಿಯೇ ಅತ್ತಿತು. ಇದ್ದದ್ದರ ಮೇಲೆ ಹೊಸದು ಕೂರುತ್ತದೆ, ಇಲ್ಲದ್ದರ ಮೇಲೆ ಏನು ತಾನೇ ಕೂರೀತು? ಹಸಿವಾದರೆ ತಿಳಿಯದು, ಇರುವೆ ಕಚ್ಚಿದರೆ ತಿಳಿಯದು. ಜಯಶೀಲ ರೆಪ್ಪೆ ಮುಚ್ಚದೆ ತೊಟ್ಟಿಲನ್ನೇ ನೋಡುತ್ತಾ ಕೂತಳು. ಅಕ್ಕಪಕ್ಕದವರು ಸರದಿಯ ಮೇಲೆ ಬಂದು ಮಗುವನ್ನು ಆಗಾಗ ಜಗುಲಿಗೆ ತಂದು, "ಅಳಮ್ಮ, ಏನಾದ್ರೂ ಇದ್ರೆ ಇಲ್ಲೇ ಅತ್ತುಬಿಡು" ಎಂದು ಅಳಿಸಿ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ದೇವೀರಮ್ಮನವರು ಮೂಲೆಯಲ್ಲಿ ಮುದುಡಿ ಕೂತಿದ್ದರು. ಅವರ ತುಟಿ ಅಲ್ಲಾಡಿತು. ಮರಿಸ್ವಾಮಣ್ಣ ನೋಡಿ, ನನಗೆ ಮೆಲ್ಲಗೆ ಹೇಳಿದ: "ನನ್ನ ಮೂಕತನ ಕೂಸಿಗೆ ಹತ್ತಿಸಿಬಿಟ್ಟೆ ಅಂತಿದ್ದಾರೆ ಕಣಮ್ಮ."

ನನಗೆ ಸಂಕಟವಾಯಿತು, ಸಂಕಟ ಬಂದರೆ ಸಿಟ್ಟು ಬರುವುದು ನನ್ನ ಜಾಯಮಾನ. ಬೀದಿಗೆ ಬಂದವಳೇ ಮರಿಸ್ವಾಮಣ್ಣನ ಮೇಲೆ ಹರಿಹಾಯ್ದೆ. "ನಾಲ್ಕು ಬಾಯಿ ನೋಡಿದೋನು ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲ! ನಾಲ್ಕನೇ ಹುಡುಗಿ ಸೆರಗು ಅಂದ್ನಲ್ಲ! ನೀನು ಮೂರೇ ದನಿ ಕೇಳಿದೋಳು ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಸೆರಗು ನನ್ನ ಇಲಾಖೆನಾ?"

"ದನಿ ನನ್ನ ಇಲಾಖೆನಾ?"

ಹೀಗೆ ನಡುಬೀದಿಯಲ್ಲಿ ಕೂಗಾಡಿದೆವು. ಹಾಲಿನವನು ಸೈಕಲ್ಲು ನಿಲ್ಲಿಸಿಕೊಂಡು ನೋಡುತ್ತಾ ನಿಂತ. ಕೊನೆಗೆ ಮರಿಸ್ವಾಮಣ್ಣನೇ ಸುಸ್ತಾಗಿ ಕಟ್ಟೆಯ ಮೇಲೆ ಕೂತ. "ಆ ಕ್ಯಾಸೆಟ್ಟಲ್ಲಿ ಅವ್ರ ದನಿ ಇರ್ಬೋದಲ್ವಾ? ಆ ಖಾಲಿ ಜಾಗಕ್ಕೆ ಅದೇ ಬಂದು ಕೂರ್ಬೋದು" ಎಂದ.

ಅದೇ ಮಾತು ನನ್ನ ತಲೆಯಲ್ಲೂ ಇತ್ತು, ಬಾಯಿಗೆ ತರುವ ಧೈರ್ಯವಿರಲಿಲ್ಲ. ಕೆಂಪು ಮುದ್ರೆಯದನ್ನು ತೊಟ್ಟಿಲಿರುವ ಮನೆಯಲ್ಲಿ ಹಾಕಿದವರು ನಮ್ಮೂರಿನಲ್ಲಿ ಇಲ್ಲ. ಅದರ ಗೀರು, ಅದರ ಸುರ್, ಎಲ್ಲಾ ಹಸುಗೂಸಿನ ಮೇಲೆ ಕೂತರೆ ಗತಿ ಏನು? ಅದರಲ್ಲಿ ದೇವೀರಮ್ಮನವರ ದನಿ ನಿಜವಾಗಿಯೂ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ನಾವು ಮೊದಲನೇ ಹಾಡಿಗೇ ಗೋಡೆ ತಟ್ಟಿದವರು.

"ಪೂರ್ತಿ ನೋಡ್ಬೇಕು" ಎಂದೆ. "ಒಟ್ಟಿಗೆ ಕೂತು."

ಅವನು ನನ್ನ ಮುಖ ನೋಡಿದ. "ಹಿರಿಯರು ಏನಂದಾರು?"

"ಹಿರಿಯರ ಮನೇಲಿ ಮೂಕ ಕೂಸಿತ್ತಾ?" ಎಂದೆ.

ಕ್ಯಾಸೆಟ್ಟನ್ನು ಇನ್ನೊಂದು ಸಲ ಓಡಿಸುವುದೂ ಸುಲಭವಿರಲಿಲ್ಲ. ಟೇಪು ಬೂಷ್ಟು ಹಿಡಿದು ಅಂಟಂಟಾಗಿತ್ತು. ಅದನ್ನು ಒಣಗಿದ ಅಕ್ಕಿಯ ಡಬ್ಬದಲ್ಲಿ ಹುಗಿದು ಬಿಸಿಲಿಗಿಟ್ಟೆವು. ಮರಿಸ್ವಾಮಣ್ಣ ವಿಸಿಆರಿನ ಹೊಟ್ಟೆ ಬಿಚ್ಚಿ, ತನ್ನ ಕಿವಿಯ ಹತ್ತಿಯನ್ನೇ ತೆಗೆದು ಸ್ಪಿರಿಟ್ಟಿನಲ್ಲಿ ಅದ್ದಿ ಒಳಗೆಲ್ಲ ಒರೆಸಿದ. "ಹೆಂಗೂ ಇನ್ನು ಇದು ಬೇಡವಲ್ಲ" ಎಂದ. ಮಧ್ಯಾಹ್ನ ದೇವೀರಮ್ಮನವರನ್ನು ಕರೆಸಿಕೊಂಡೆವು. ಸ್ಪೀಕರನ್ನು ಮುಂದಿನ ಕೋಣೆಗೆ ತಂದೆವು. ನನ್ನ ಕುರ್ಚಿಯನ್ನು ಅವನ ಕುರ್ಚಿಯ ಪಕ್ಕ ಹಾಕಿಕೊಂಡು ಟಿವಿಯ ಕಡೆ ಮುಖ ತಿರುಗಿಸಿ ಕೂತೆ. ಮೊದಲ ಸಲ ಗಂಡನ ಮನೆಗೆ ಹೋದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಸಿನಿಮಾ ಶುರುವಾಯಿತು. ಮರಿಸ್ವಾಮಣ್ಣ ಕುರ್ಚಿಯಿಂದ ಹಾರಿ ಬಿದ್ದ. "ಇವ್ರು ಹಾಡ್ತಾರೆ ಅಂತ ಗೊತ್ತಿತ್ತು. ಇಷ್ಟು ಜೋರಾಗಿ ಅಂತ ಗೊತ್ತಿರ್ಲಿಲ್ಲ!" ಎಂದ. ನನ್ನ ಪಾಡು ಇನ್ನೂ ವಿಚಿತ್ರ. ನಾಯಕನ ಗಂಭೀರವಾದ ದನಿಯನ್ನು ಕೇಳಿ ನಾನು ಆರಡಿ ಆಳನ್ನು ಕಲ್ಪಿಸಿಕೊಂಡಿದ್ದೆ. ಬಂದವನು ನಮ್ಮ ಹಾಲಿನವನಿಗಿಂತ ಸಣಕಲ. ದೊಡ್ಡ ಕಾಡು ಎಂದುಕೊಂಡಿದ್ದದ್ದು ಒಂದು ಬಣ್ಣದ ಪರದೆ, ಗಾಳಿಗೆ ಅಲ್ಲಾಡುತ್ತಿತ್ತು. ಆದರೂ ಹಾಡುವಾಗ ಮನುಷ್ಯರ ಮುಖ ಹಾಗಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹುಬ್ಬು ಮೇಲೇರುತ್ತದೆ, ಕತ್ತಿನ ನರ ಕಾಣುತ್ತದೆ, ಕಣ್ಣು ಎಲ್ಲೋ ದೂರದಲ್ಲಿರುತ್ತದೆ. ಗೀರುಗಳು ಸುರಿಯುತ್ತಿದ್ದವು, ಸುರ್ ಎನ್ನುತ್ತಿತ್ತು. ಮೊದಲು ಸಿಟ್ಟು ಬಂತು. ಅರ್ಧ ಸಿನಿಮಾ ಆಗುವಷ್ಟರಲ್ಲಿ ಅವು ಇವೆ ಎಂಬುದೇ ಮರೆತುಹೋಗಿತ್ತು.

ಕೊಳದ ಹಾಡು ಬಂದಾಗ ದೇವೀರಮ್ಮನವರು ನನ್ನ ಕೈ ಹಿಡಿದುಕೊಂಡರು. ಮೂವರು ಹಾಡಿದರು. ನಾಲ್ಕನೆಯವಳು ಮುಖ ಎತ್ತಿದಳು. ಆಗ ಆ ಗದ್ದಲದ ಅಡಿಯಿಂದ, ಬೂದಿಯೊಳಗಿನ ಕೆಂಡದಂತೆ ಒಂದು ದನಿ ಬಂತು. ಸಣ್ಣ ದನಿ, ಒಡಕಲು, ಮರಳು ಮರಳು. "ನೀರ ಕದಡದಿರು ಗಾಳಿಯೇ, ನನ್ನ ನೆರಳು ಮಲಗಿದೆ." ಅಷ್ಟೇ. ನನ್ನ ಕೈಯಲ್ಲಿದ್ದ ಆ ಕೈ ಗಟ್ಟಿಯಾಯಿತು. ಮರಿಸ್ವಾಮಣ್ಣ ಮೀಸೆಯೆಲ್ಲ ಒದ್ದೆ ಮಾಡಿಕೊಂಡು ಅಳುತ್ತಿದ್ದ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಹಿರಿಯರು ಹೆದರಿದ್ದ ಆ ಮನಸ್ಸು ಬಂದು ನಮ್ಮಿಬ್ಬರ ನಡುವೆ ಕೂತೇ ಬಿಟ್ಟಿತ್ತು. ಕೂತುಕೊಳ್ಳಲಿ ಎಂದು ಜಾಗ ಬಿಟ್ಟೆವು.

ದೇವೀರಮ್ಮನವರು ತೆರೆಯ ಮೇಲಿನ ಹುಡುಗಿಯ ಕಡೆ ಬೆರಳು ಮಾಡಿ ತುಟಿ ಅಲ್ಲಾಡಿಸಿದರು. ಮರಿಸ್ವಾಮಣ್ಣ ಮೂಗು ಒರೆಸಿಕೊಂಡು ಓದಿ ಹೇಳಿದ: "ಆ ಹುಡುಗಿ ಬೇರೆ. ಇವ್ರು ಹಾಡಿದ್ದು ಎಲ್ಲೋ ಒಂದು ಕೋಣೇಲಿ, ಮೈಕಿನ ಮುಂದೆ. ಆ ಹುಡುಗೀನ ಇವ್ರು ನೋಡೇ ಇಲ್ಲವಂತೆ. ನನ್ನ ದನಿಗೆ ಅವಳ ತುಟಿ ಚೆನ್ನಾಗಿ ಒಪ್ಪಿತ್ತು ಅಂತಾರೆ."

ಇನ್ನು ಅಂಕ. "ಎಷ್ಟು ಕೊಡ್ತೀಯಮ್ಮ?" ಎಂದು ಮರಿಸ್ವಾಮಣ್ಣ ಕೇಳಿದ. ಜಾಸ್ತಿ ಕೊಡುತ್ತೇನೆ ಎಂದುಕೊಂಡಿದ್ದನೋ ಏನೋ. ನಾನು ಹಾಗೆಲ್ಲ ಕೊಡುವವಳಲ್ಲ. "ಸದ್ದಿಗೆ ಎರಡು" ಎಂದೆ. "ಚಿತ್ರಕ್ಕೆ ಒಂದು" ಎಂದ ಅವನು. ಹಾಗೇ ಬರೆದು, ಕೆಂಪು ಮುದ್ರೆಯ ಮೇಲೆ ಹಸಿರು ಮುದ್ರೆ ಒತ್ತಿದೆವು. ಊರಿನವರು ಕೇಳಿದರೆ ಜವಾಬು ಕೊಡುವುದಕ್ಕೆ ಇಬ್ಬರೂ ಸೊಂಟ ಕಟ್ಟಿ ನಿಂತೆವು. ಕೇಳಿದರು ಕೂಡ. "ತಾಯಮ್ಮ, ಕೂಸಿಗೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಎಂದು ಕಂಬದ ಬೀದಿಯವರು ಜಗಳಕ್ಕೇ ಬಂದರು. "ನಾನು ಹೊಣೆ" ಎಂದೆ. ಹಾಗೆ ಎಂದದ್ದೇನೋ ಸರಿ, ಮನೆಗೆ ಬಂದು ಊಟ ಸೇರಲಿಲ್ಲ. ಮಗು ಶಾಶ್ವತವಾಗಿ ಗೀರು ಗೀರಾಗಿ ಬೆಳೆದರೆ? ಆದರೆ ಜಯಶೀಲಳನ್ನು ಕೇಳಿದಾಗ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಗೀರಿದ್ರೆ ಇರ್ಲಿ ಅಕ್ಕ. ನನ್ನ ಮಗು ಅಳೋದು ನನಗೆ ಕೇಳ್ಬೇಕು" ಎಂದಳು.

ಮರುದಿನ ಬೆಳಿಗ್ಗೆ ಅವರ ನಡುಮನೆಯಲ್ಲಿ ಕ್ಯಾಸೆಟ್ಟು ಹಾಕಿದೆವು. ಅಡುಗೆಮನೆಯಲ್ಲಿ ನನಗೆಂದು ಮಣೆ ಹಾಕಿದ್ದರು. ನಾನು ಅದನ್ನೆತ್ತಿ ತಂದು ಟಿವಿಯ ಎದುರಿಗೇ ಹಾಕಿಕೊಂಡೆ. ಮರಿಸ್ವಾಮಣ್ಣ ಬರಿಗಿವಿಯಲ್ಲಿ ಬಂದು ಪಕ್ಕದಲ್ಲಿ ಕೂತ. ದೇವೀರಮ್ಮನವರು ತೊಟ್ಟಿಲಿನ ಹಗ್ಗ ಹಿಡಿದು ಕೂತಿದ್ದರು. ಕೊಳದ ಹಾಡು ಬಂತು, ಹೋಯಿತು. ಸಿನಿಮಾ ಮುಗಿಯಿತು. ಮಗು ನಿದ್ದೆ ಮಾಡುತ್ತಿತ್ತು, ಯಾರಿಗೂ ಎಬ್ಬಿಸುವ ಧೈರ್ಯವಿಲ್ಲ. ಕಾಫಿ ಬಂತು. ಕಪಾಟಿನ ಮೇಲಿನ ಪಾತ್ರೆಗಳು ಒಂದೊಂದಾಗಿ ಸುರ್ ಎನ್ನತೊಡಗಿದವು. ನವಿಲು ನೀಲಿಯ ಗೋಡೆಯ ಮೇಲೆ ಮೇಲಿಂದ ಕೆಳಕ್ಕೆ ಒಂದು ಬಿಳೀ ಗೆರೆ ಇಳಿಯಿತು. ಇನ್ನೊಂದು ಗೆರೆ ಜಯಶೀಲಳ ಕೆನ್ನೆಯ ಮೇಲೆ ಹಾದು ಹೋಯಿತು. ಅವಳು ಒರೆಸಿಕೊಳ್ಳಲಿಲ್ಲ.

ಆಗ ಮಗು ಎಚ್ಚರವಾಯಿತು. ಕೈಕಾಲು ಆಡಿಸಿತು, ಹಸಿವಾಗಿತ್ತು. ಮುಖ ಕಿವುಚಿತು, ಬಾಯಿ ತೆರೆಯಿತು. ಬರೀ ಉಸಿರು. ಮತ್ತೆ ಉಸಿರು ಎಳೆದುಕೊಂಡಿತು ನೋಡಿ, ಎಳೆದುಕೊಂಡು ಇಡೀ ಮನೆ ಹಾರಿಹೋಗುವ ಹಾಗೆ ಅತ್ತಿತು. ಒಡಕಲು ದನಿ, ಮರಳು ಮರಳು, ಥೇಟ್ ಅಜ್ಜಿಯದೇ. "ಅಳು ಕಂದಾ, ಅಳು ನನ್ನಮ್ಮ, ಇನ್ನೂ ಅಳು!" ಎಂದು ಜಯಶೀಲ ತಾನೂ ಅಳುತ್ತಾ ನಗುತ್ತಾ ಕೂಗಿದಳು. ಕಿಟಕಿಯಲ್ಲಿ ಇಣುಕಿ ನಿಂತಿದ್ದ ಕಂಬದ ಬೀದಿಯವರು ಚಪ್ಪಾಳೆ ತಟ್ಟಿದರು.

ಮಗುವಿಗೆ ಹಾಲು ಕುಡಿಸಿ ಮತ್ತೆ ತೊಟ್ಟಿಲಿಗೆ ಹಾಕಿದರು. ದೇವೀರಮ್ಮನವರು ಹಗ್ಗ ಜಗ್ಗಿದರು. ಅಭ್ಯಾಸಬಲವೋ ಏನೋ, ತೂಗುತ್ತಾ ತೂಗುತ್ತಾ ಅವರ ತುಟಿ ತೆರೆಯಿತು. ತೊಟ್ಟಿಲಿನ ಮರದೊಳಗಿಂದ, ಅವರು ಹರೆಯದಲ್ಲಿ ಬಿಟ್ಟುಬಂದ ಆ ದನಿ ಎದ್ದು ಬಂತು. ನೀರ ಕದಡದಿರು ಗಾಳಿಯೇ. ಅವರು ಬೆಚ್ಚಿ ಬಾಯಿ ಮುಚ್ಚಿದರು, ದನಿಯೂ ನಿಂತಿತು. ಮತ್ತೆ ಮೆಲ್ಲಗೆ ತೆರೆದರು. ನನ್ನ ನೆರಳು ಮಲಗಿದೆ. ಆ ದನಿ ಇಷ್ಟು ವರ್ಷ ಯಾರೋ ಕಾಣದ ಹುಡುಗಿಯ ತುಟಿಯ ಮೇಲಿತ್ತು. ಈಗ ಅವರದೇ ತುಟಿಯ ಮೇಲಿತ್ತು, ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಅವರ ಹುಬ್ಬು ಮೇಲೇರಿತ್ತು, ಕಣ್ಣು ಎಲ್ಲೋ ದೂರದಲ್ಲಿತ್ತು.

ಮರಿಸ್ವಾಮಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, "ದನಿಗೆ ಹತ್ತಕ್ಕೆ ಎಷ್ಟು ಕೊಡ್ತೀಯಮ್ಮ?" ಎಂದು ಪಿಸುಗುಟ್ಟಿದ.

"ಸುಮ್ನಿರಣ್ಣ" ಎಂದೆ. "ನಾನು ನೋಡ್ತಾ ಇದ್ದೀನಿ."